ಬಿಡುಗಡೆಯ ಪಾಚಿ

ಏಳನೆಯ ಮುದುಕಿ ಮೂಗಿಗೆ ಮೂಗು ಒತ್ತಿದಾಗ ಲಹೇಲಾ ಉಸಿರು ಬಿಗಿಹಿಡಿದಳು. ಮುದುಕಿ ಬಿಡುವವಳಲ್ಲ. ಹಣೆಗೆ ಹಣೆ ತಾಗಿಸಿ, ಲಹೇಲಾಳ ಹೆಗಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಬಾವಿಯಿಂದ ನೀರು ಸೇದುವವಳ ಹಾಗೆ ಉದ್ದಕ್ಕೆ ಉಸಿರೆಳೆದುಕೊಂಡಳು. ಮೊಲೊಕಾಯಿ ದ್ವೀಪದಲ್ಲಿ ಸಾವಿನ ಮನೆಗೆ ಬಂದವರು ಮೂಗು ತಾಗಿಸುವುದು ಇದ್ದದ್ದೇ, ಆದರೆ ಅದು ಒಂದು ಗಳಿಗೆಯ ಕೆಲಸ. ಇವತ್ತು ಒಬ್ಬೊಬ್ಬರೂ ಅವಳ ಮುಖಕ್ಕೆ ಅಂಟಿಕೊಂಡು ನಿಲ್ಲುತ್ತಿದ್ದರು.

"ಬಂತು ಕಣೇ," ಎಂದಳು ಮುದುಕಿ ಕಣ್ಣೊರೆಸಿಕೊಳ್ಳುತ್ತ. "ನಿಮ್ಮಮ್ಮನ ಉಸಿರೇ ಇದು. ನೋನಿ ಹಣ್ಣಿನ ವಾಸನೆ ಹಾಗೇ ಇದೆ. ನನ್ನ ಮಂಡಿ ಆಗ್ಲೇ ಹಗುರ ಆಯ್ತು ನೋಡು."

ನೋನಿ ವಾಸನೆ ಬರುತ್ತಿದ್ದದ್ದು ಲಹೇಲಾಳ ಕೈಯಿಂದ. ಬೆಳಿಗ್ಗೆ ಎದ್ದವಳೇ ಅಮ್ಮನ ಮದ್ದಿನ ಭರಣಿಯಲ್ಲಿ ಕೊಳೆಯುತ್ತಿದ್ದ ಹಣ್ಣನ್ನೆಲ್ಲ ಬಚ್ಚಲಿಗೆ ಸುರಿದಿದ್ದಳು. ಅದನ್ನು ಮುದುಕಿಗೆ ಹೇಳಲು ಹೋಗಲಿಲ್ಲ.

ಅವಳ ಹಿಂದೆ, ಜಗಲಿಯ ಮೇಲೆ, ತೆರೆದ ಪೆಟ್ಟಿಗೆಯಲ್ಲಿ ಅಮ್ಮ ಕಪೆಕಾ ಮಲಗಿದ್ದಳು. ಎಂಬತ್ತೊಂದು ವರ್ಷ. ಕಣಿವೆಯಲ್ಲಿ ಅವಳ ಕೈ ತಾಗದ ಬೆನ್ನಿಲ್ಲ, ಅವಳ ಕಷಾಯ ಕುಡಿಯದ ಬಾಯಿಲ್ಲ. ದೊಡ್ಡ ಕೈಗುಣ. ಅಂಥವರು ಸಾಯುವಾಗ ತಮ್ಮ ಕೊನೆಯ ಉಸಿರನ್ನು ಒಬ್ಬರ ಬಾಯೊಳಗೆ ಊದಿ ಹೋಗುತ್ತಾರೆ. ಉಸಿರು ಯಾರಿಗೆ ಸಿಕ್ಕಿತೋ ಕೈಗುಣ ಅವರದ್ದು. ಬುಧವಾರ ಮಧ್ಯಾಹ್ನ ಕಪೆಕಾ ಹೋಗುವಾಗ ಕೋಣೆಯಲ್ಲಿ ಇದ್ದವಳು ಹಿರಿಮಗಳು ಲಹೇಲಾ ಒಬ್ಬಳೇ. ಹೀಗಾಗಿ ಯಾರೂ ಏನೂ ಕೇಳಲಿಲ್ಲ. ನೇರ ಬಂದು ಮೂಗು ಒತ್ತಿದರು.

ತಂಗಿ ಹೌನಾನಿ ಕಪ್ಪು ರೇಷ್ಮೆಯಲ್ಲಿ ಬಂದು ಪಕ್ಕ ನಿಂತಳು. ಮಾವಿ ದ್ವೀಪದ ದೊಡ್ಡ ಹೋಟೆಲೊಂದರಲ್ಲಿ ಪ್ರವಾಸಿಗರಿಗೆ ಮೈ ತಿಕ್ಕಿಸುವ ವಿಭಾಗ ಅವಳ ಕೈಯಲ್ಲಿದೆ. ಇಲ್ಲಿನವರು ಜಗಳ ಬಗೆಹರಿಸಲು ಮನೆಮಂದಿಯೆಲ್ಲ ಸುತ್ತ ಕೂರುವುದನ್ನು ಕೂಡ ಅಲ್ಲಿ ಮುಕ್ಕಾಲು ಗಂಟೆಗೆ ಇಷ್ಟು ಎಂದು ಮಾರುತ್ತಾರೆ.

"ಅಕ್ಕ, ಅಮ್ಮ ಹೋಗಿ ಮೂರು ದಿನ ಆಗಿಲ್ಲ, ವ್ಯಾಪಾರದ ಮಾತು ಅಂದ್ಕೋಬೇಡ," ಎಂದಳು. "ಹೋಟ್ಲಿಗೆ ಬರೋರೆಲ್ಲ ಕೇಳ್ತಾರೆ, ನಿಜವಾದ ಉಸಿರು ಯಾರ ಹತ್ರ ಇದೆ ಅಂತ. ತಿಂಗಳಿಗೆ ನಾಲ್ಕು ದಿನ ಬಾ. ತಿಕ್ಕೋದು ಹುಡುಗೀರು ತಿಕ್ತಾರೆ. ನೀನು ಮೂಗು ತಾಗಿಸಿದ್ರೆ ಸಾಕು."

"ನನಗೆ ನೆಗಡಿ ಬಂದ್ರೆ ಇಡೀ ಹೋಟ್ಲಿಗೆ ಹತ್ತುತ್ತೆ."

"ತಮಾಷೆ ಬೇಡ. ಅಮ್ಮ ನಿನಗೊಬ್ಬಳಿಗೇ ಅಮ್ಮನಾ? ಅವಳು ಕೊಟ್ಟಿದ್ದನ್ನ ಹಂಚ್ಕೋಬೇಕು."

ಲಹೇಲಾ ಉತ್ತರ ಕೊಡುವಷ್ಟರಲ್ಲಿ ನೋಹೆಯಾ ಬಂದಳು, ಕೆಳಗಿನ ಮನೆಯವಳು. ಅವಳ ಸೊಂಟದ ಮೇಲೆ ಐದು ವರ್ಷದ ಮಗಳು ಪೀಕೇ ಕಾಲು ಮಡಚಿಕೊಂಡು ಜೋತುಬಿದ್ದಿದ್ದಳು.

"ಆಂಟಿ, ನಿನ್ನೆಯಿಂದ ಹೊಟ್ಟೆ ನೋವು ಅಂತಾಳೆ. ಹೊಟ್ಟೆ ಮಗುಚಿಕೊಂಡಿರ್ಬೇಕು. ಅಜ್ಜಿ ಇದ್ದಿದ್ರೆ ಒಂದ್ಸಲ ತಿಕ್ಕಿ ಸರಿ ಮಾಡೋರು. ಮಣ್ಣಾದ್ಮೇಲೆ ನೀವೊಂಚೂರು ನೋಡ್ತೀರಾ?"

ಲಹೇಲಾ ಮಗುವಿನ ಮುಖ ನೋಡಿದಳು. ತುಟಿ ಒಣಗಿತ್ತು.

*

ಮೂವತ್ತೊಂದು ವರ್ಷದ ಹಿಂದೆ, ಲಹೇಲಾಳ ಮಗಳು ಕನೋಯೆಗೆ ಆಗ ಆರು ವರ್ಷ. ಒಂದು ಸೋಮವಾರ ಶಾಲೆಯಿಂದ ಬಂದು ಚಾಪೆಯ ಮೇಲೆ ಮುದುಡಿ ಮಲಗಿತು. ಕಪೆಕಾ ಮೊಮ್ಮಗಳ ಹೊಟ್ಟೆ ಒತ್ತಿ ನೋಡಿ, "ಮಗುಚಿಕೊಂಡಿದೆ. ಮರದಿಂದ ಹಾರಿರ್ತಾಳೆ ಕೋತಿ," ಎಂದಳು. ಹಾಗೆ ಮಗುಚಿದ ನೂರಾರು ಹೊಟ್ಟೆಗಳನ್ನು ಅವಳು ತಿಕ್ಕಿ ಸರಿಮಾಡಿದ್ದಳು. ಅದೇನೂ ಸುಳ್ಳಲ್ಲ. ಅವಳನ್ನು ಕೆಡಿಸಿದ್ದೂ ಅದೇ.

ಕುಕುಯಿ ಕಾಯಿಯ ಎಣ್ಣೆ ಹಚ್ಚಿ ಬೆಳಿಗ್ಗೆ, ಸಂಜೆ ತಿಕ್ಕಿದಳು. ಗಣಿಕೆ ಸೊಪ್ಪಿನ ರಸ ಕುಡಿಸಿದಳು. ಮದ್ದು ಐದು ದಿನದ್ದು. ಐದನೆಯ ದಿನ ಕಡಲಿನದೊಂದು ತುತ್ತು ತಿನ್ನಿಸಿ ಮುಗಿಸಬೇಕು, ನಡುವೆ ಬಿಡಬಾರದು. ಮೂರನೆಯ ದಿನ ಮಗುವಿನ ಮೈ ಕಾವಲಿಯಾಯಿತು.

"ಆಸ್ಪತ್ರೆಗೆ ಹೋಗೋಣ ಅಮ್ಮ," ಎಂದಳು ಲಹೇಲಾ.

"ನಿನ್ನ ಅನುಮಾನವೇ ಮಗೂನ ಹಿಡ್ಕೊಂಡಿರೋದು. ಮನೇಲಿ ಒಬ್ಬರ ಮನಸ್ಸು ಗಂಟಾಗಿದ್ರೂ ಮದ್ದು ಹತ್ತಲ್ಲ, ಗೊತ್ತಿಲ್ವಾ?"

ಹಾಗೆಂದು ಕಪೆಕಾ ಗೋಡೆಯ ಮೊಳೆಯಿಂದ ಗಾಡಿಯ ಕೀಲಿಕೈ ತೆಗೆದು ತನ್ನ ನಿಲುವಂಗಿಯ ಜೇಬಿಗೆ ಹಾಕಿಕೊಂಡಳು. ಆಸ್ಪತ್ರೆ ಒಂದು ಗಂಟೆಯ ದಾರಿ. ಗಂಡ ಬೇರೆ ದ್ವೀಪದಲ್ಲಿ ಕೆಲಸದಲ್ಲಿದ್ದ. ಕಣಿವೆಗೆ ಆಗ ಫೋನ್ ಬಂದಿರಲಿಲ್ಲ. ಲಹೇಲಾ ಸೋದರಮಾವ ವಿಲಿಯಾಮನ ಮನೆಗೆ ಓಡಿದಳು. ಅವನು ನೀಲಿ ನೈಲಾನ್ ದಾರದಲ್ಲಿ ಬಲೆ ಹೆಣೆಯುತ್ತ ಕೂತಿದ್ದ. ತಲೆಯೆತ್ತದೆ, "ನಮ್ಮಕ್ಕನ ಮಾತು ಮೀರಿ ನಾನೇನು ಹೇಳ್ಲಿ?" ಎಂದ.

ನಾಲ್ಕನೆಯ ಬೆಳಿಗ್ಗೆ ಮಗುವಿನ ನೋವು ಒಮ್ಮೆಲೇ ನಿಂತಿತು. ಕಪೆಕಾಳ ಮುಖ ಅರಳಿತು. "ನೋಡು, ತಿರುಗ್ತು," ಎಂದಳು. ತಿರುಗಿರಲಿಲ್ಲ, ಒಳಗೆ ಒಡೆದಿತ್ತು. ಐದನೆಯ ದಿನ ಬಂಡೆಯ ಚಿಪ್ಪಿ ಬಿಡಿಸಿ ತಂದ ಅಜ್ಜಿ ಅದನ್ನು ಮಗುವಿನ ಬಾಯಿಗಿಡಲು ಮಂಡಿಯೂರಿದಳು. ಜೇಬಿನಲ್ಲಿ ಕೀಲಿಕೈ ಕಿಣಿ ಎಂದಿತು. ಕನೋಯೆ ಬಾಯಿ ತೆರೆಯಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಮನೆಮಂದಿ ಸುತ್ತ ಕೂತರು. ನಡೆಸಿದವನು ವಿಲಿಯಾಮ. ಪ್ರಾರ್ಥನೆಯಾದ ಮೇಲೆ ಒಬ್ಬೊಬ್ಬರಾಗಿ ಅವನಿಗೆ ಮುಖ ಮಾಡಿ ಮಾತಾಡಬೇಕು. ಕಪೆಕಾ, "ಮಗಳ ಸಿಟ್ಟು ಮದ್ದಿಗೆ ಅಡ್ಡ ಬಂತು," ಎಂದಳು. ಕೀಲಿಕೈ ವಿಷಯ ಎತ್ತಲೇ ಇಲ್ಲ. ಲಹೇಲಾ, "ಕೀ ಯಾರ ಜೇಬಲ್ಲಿತ್ತು ಅಂತ..." ಎಂದು ಶುರುಮಾಡಿದಳು.

"ಇಲ್ಲಿ ನಿನ್ನ ತಪ್ಪು ಹೇಳು. ಇನ್ನೊಬ್ಬರದ್ದಲ್ಲ," ಎಂದ ವಿಲಿಯಾಮ.

ಮಗು ಕಳೆದುಕೊಂಡ ಇಪ್ಪತ್ತೈದರ ಹೆಣ್ಣು, ಎಲ್ಲರೂ ಕಾಯುತ್ತಿದ್ದರು. ಕೊನೆಗೆ ಅಮ್ಮನ ಕಾಲ ಬಳಿ ಕೂತು ಅವಳೇ ಕ್ಷಮೆ ಕೇಳಿದಳು. ಅಮ್ಮ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದಳು. "ಕಡಿದುಹೋಯ್ತು," ಎಂದ ವಿಲಿಯಾಮ. ಹಾಗೆ ಕಡಿದದ್ದನ್ನು ಮತ್ತೆ ಯಾರೂ ಬಾಯಿಬಿಟ್ಟು ಆಡುವಂತಿಲ್ಲ, ಸಾಯುವತನಕ.

ಬಿಡುಗಡೆಯ ಪಾಚಿ ಎಂದು ಒಂದಿದೆ, ಗರಗಸದಂಥ ಸಣ್ಣ ಎಲೆಯ ಕಡಲಪಾಚಿ. ವಿಲಿಯಾಮ ಅದನ್ನು ತನ್ನ ಬಲೆಯ ನೀಲಿ ದಾರದಲ್ಲಿ ಮಾಲೆ ಕಟ್ಟಿ, ತನ್ನದೇ ಬೆಸ್ತರ ಗಂಟು ಹಾಕಿ, ಎಲ್ಲರ ಕೊರಳಿಗೂ ತೊಡಿಸಿದ. ಮಾಲೆ ತೊಟ್ಟು ಕಡಲಿಗಿಳಿದು, ಅಲೆಗೆ ಅದನ್ನು ಬಿಟ್ಟು ಬಂದರೆ ಮನಸ್ಸಿನ ಸಿಟ್ಟೂ ಹೋದ ಹಾಗೆ. ಎಲ್ಲರೂ ಬಿಟ್ಟು ಬಂದರು. ಲಹೇಲಾ ತನ್ನದನ್ನು ನೀರಿನೊಳಗೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮನೆಗೆ ಬಂದು ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಮುಚ್ಚಿಟ್ಟಳು.

ಗಂಡ ಮಣ್ಣಿಗೆ ಬಂದವನು ಹಾಗೇ ಹೋದ. ಅವಳು ಉಳಿದಳು. ಮೂವತ್ತೊಂದು ವರ್ಷ ಅಮ್ಮನಿಗೆ ಸೊಪ್ಪು ಕಿತ್ತಳು, ಎಣ್ಣೆ ಕಾಸಿದಳು, ಯಾವ ನೋವು ಎಲ್ಲಿ ಅಡಗಿರುತ್ತದೆ ಎಂದು ಬೆರಳಲ್ಲೇ ಕಲಿತಳು. ಊರು ಅವಳನ್ನು ಒಳ್ಳೆಯ ಮಗಳು ಎಂದಿತು. ಅವಳು ಕಾಯುತ್ತಿದ್ದದ್ದು ಒಂದೇ ಮಾತಿಗೆ. ಕೀಲಿಕೈ ತೆಗೆದುಕೊಂಡವಳು ನಾನು ಎಂದು ಅಮ್ಮ ಒಂದು ಸಲ, ಗೋಡೆಗೆ ಮುಖ ಮಾಡಿಯಾದರೂ ಹೇಳಲಿ ಎಂದು.

*

ಬುಧವಾರ ಮಧ್ಯಾಹ್ನ ಕಪೆಕಾಳಿಗೆ ಮಾತು ನಿಂತಿತ್ತು. ಕೈಯಲ್ಲಿ ಮಗಳನ್ನು ಹತ್ತಿರ ಕರೆದು ಬಾಯಿ ತೆರೆದಳು. ಲಹೇಲಾಳಿಗೆ ಗೊತ್ತಾಯಿತು. ಬಾಗಿ ಮೂಗಿಗೆ ಮೂಗು ತಾಗಿಸಿದಳು.

"ಕೀ ಎಲ್ಲಿಟ್ಟಿದ್ದೆ ಅಮ್ಮ?" ಎಂದಳು ಮೆಲ್ಲಗೆ.

ಕಪೆಕಾಳ ಕಣ್ಣು ಅವಳನ್ನೇ ನೋಡಿತು. ಅರ್ಥವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಮುದುಕಿ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು. ಕಡಿದುಹೋದದ್ದು ಅದು, ಎತ್ತಬಾರದು. ಮತ್ತೆ ಬಾಯಿ ತೆರೆದು, ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಉಸಿರು ಊದಿದಳು.

ಲಹೇಲಾ ಕಹಿ ಮದ್ದು ಬೇಡವೆನ್ನುವ ಮಗುವಿನ ಹಾಗೆ ತುಟಿ ಬಿಗಿದುಕೊಂಡು ಮುಖ ತಿರುಗಿಸಿದಳು. ಉಸಿರು ಅವಳ ಕೆನ್ನೆಗೆ ಬಡಿಯಿತು. ಅಮ್ಮನ ಕಣ್ಣು ಕೊನೆಗೆ ಕಂಡದ್ದು ಮಗಳು ಕೆನ್ನೆ ಒರೆಸಿಕೊಳ್ಳುವುದನ್ನು.

*

"ಮಣ್ಣಾದ್ಮೇಲೆ ಅಲ್ಲ, ಈಗ್ಲೇ ಮಲಗಿಸು," ಎಂದಳು ಲಹೇಲಾ.

ಅಂಗಳದ ಚಾಪೆಯ ಮೇಲೆ ಪೀಕೇಯನ್ನು ಮಲಗಿಸಿದರು. ಹಂದಿ ಬೇಯುತ್ತಿದ್ದ ಕುಳಿಯ ಹತ್ತಿರವಿದ್ದವರೂ ಬಂದು ಸುತ್ತ ನಿಂತರು. ಹೊಸ ಕೈಯ ಮೊದಲ ಮದ್ದು ನೋಡುವ ಭಾಗ್ಯ ಯಾರಿಗೆ ಬೇಡ? ವಿಲಿಯಾಮ ಊರುಗೋಲು ಹಿಡಿದು ಪ್ರಾರ್ಥನೆ ಶುರುಮಾಡಿದ. ಎಪ್ಪತ್ತೇಳಾದರೂ ದನಿ ಗಟ್ಟಿ.

ಲಹೇಲಾ ಹೊಟ್ಟೆಯ ಎಡಕ್ಕೆ ಒತ್ತಿದಳು. ಬಲಕ್ಕೆ, ಕೆಳಗೆ, ಮೆಲ್ಲಗೆ ಒತ್ತಿ ಕೈ ತೆಗೆದಳು. ಕೈ ತೆಗೆದ ಕ್ಷಣ ಮಗು ಚೀರಿತು.

"ತಿರುಗ್ತಾ ಇದೆ," ಎಂದಳು ಮಂಡಿನೋವಿನ ಮುದುಕಿ.

"ಏನೂ ತಿರುಗ್ತಿಲ್ಲ. ನೋಹೆಯಾ, ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು. ಈಗ. ನಿನ್ನ ಗಂಡ ಓಡಿಸ್ಲಿ."

"ಒಂದ್ಸಲ ತಿಕ್ಕಿ ನೋಡಿ ಆಂಟಿ. ನಿಮ್ಮ ಹತ್ರ ಉಸಿರಿದೆ..."

"ಹೋಗು ಅಂದೆ."

ಎಲ್ಲರ ಗಾಡಿಗಳೂ ಕಿರಿದಾದ ದಾರಿಯಲ್ಲಿ ಒಂದರ ಹಿಂದೆ ಒಂದು ಸಿಕ್ಕಿಕೊಂಡಿದ್ದವು. ಹೊರಡಬಹುದಾಗಿದ್ದದ್ದು ಎಲ್ಲಕ್ಕಿಂತ ಮುಂದಿದ್ದ ಲಹೇಲಾಳ ಪಿಕಪ್ ಒಂದೇ. ಕಪೆಕಾಳ ಪೆಟ್ಟಿಗೆ ಹೊರುವುದಕ್ಕೆಂದು ಅದಕ್ಕೆ ದೇವಕಣಗಿಲೆ ಹೂವಿನ ಮಾಲೆ ಸುತ್ತಿ ಸಿಂಗರಿಸಿದ್ದರು. ಲಹೇಲಾ ಹೋಗಿ ಮಾಲೆಗಳನ್ನು ಕಿತ್ತು ನೆಲಕ್ಕೆ ಎಸೆದಳು.

"ಅದು ನಿಮ್ಮಮ್ಮನ ಗಾಡಿ ಇವತ್ತು," ಎಂದ ವಿಲಿಯಾಮ. "ಪೆಟ್ಟಿಗೆ ಹೊರಡೋ ಮೊದ್ಲು ಅದು ಜಾಗ ಬಿಡಬಾರದು. ಐದೇ ನಿಮಿಷ ತಿಕ್ಕೋದಕ್ಕೆ ನಿನಗೇನು ದಾಡಿ?"

"ಅಮ್ಮ ಕಾಯ್ತಾಳೆ ಮಾವ. ಅವಳಿಗೇನು ಅವಸರ? ಕನೋಯೆ ಕಾಯ್ಲಿಲ್ವಾ ಐದು ದಿನ, ಗಾಡಿ ಕೀ ಅಮ್ಮನ ಜೇಬಲ್ಲಿದ್ದಾಗ?"

ವಿಲಿಯಾಮನ ಕುತ್ತಿಗೆ ಕೆಂಪಾಯಿತು.

"ಅದು ಕಡಿದುಹೋದ ಮಾತು."

"ನೀನು ಕಡಿದೆ. ನಾನು ಕಡೀಲಿಲ್ಲ. ಇನ್ನೂ ಒಂದು ಕೇಳಿಸ್ಕೊಳ್ಳಿ ಎಲ್ರೂ. ನನ್ನ ಹತ್ರ ಯಾವ ಉಸಿರೂ ಇಲ್ಲ. ಅವಳು ಊದಿದಾಗ ನಾನು ಬಾಯಿ ಮುಚ್ಕೊಂಡೆ."

ಮಗುವನ್ನೂ ನೋಹೆಯಾಳನ್ನೂ ಕೂರಿಸಿಕೊಂಡು ಗಾಡಿ ಹೊರಟಿತು. ಹೌನಾನಿ ಎರಡು ಹೆಜ್ಜೆ ಮುಂದೆ ಬಂದು ಅಕ್ಕನ ಕೆನ್ನೆಗೆ ಬಾರಿಸಿದಳು.

"ಹೆತ್ತವಳ ಉಸಿರು ಗಾಳಿಗೆ ಬಿಟ್ಯಲ್ಲೇ ಪಾಪಿ. ನನ್ನನ್ನಾದ್ರೂ ಕರೀಬಾರ್ದಿತ್ತಾ?"

ಮಂಡಿನೋವಿನ ಮುದುಕಿ ಅಂಗಿಯ ತೋಳಿನಿಂದ ತನ್ನ ಮೂಗನ್ನು ಗಸಗಸ ಒರೆಸಿಕೊಂಡಳು.

*

ಆಮೇಲೆ ಯಾರೂ ಲಹೇಲಾಳ ಹತ್ತಿರ ಸುಳಿಯಲಿಲ್ಲ. ಅವಳು ಬಡಿಸಿದ ಕೆಸವಿನ ಗಡ್ಡೆಯ ಗಂಜಿಯನ್ನು ಮುಟ್ಟದೆ ಬೇರೆ ಪಾತ್ರೆಯಿಂದ ಹಾಕಿಕೊಂಡು ತಿಂದರು. ಬಿಸಿಲು ಏರಿತು. ಪೆಟ್ಟಿಗೆಯ ಸುತ್ತ ನೊಣ ಬಂದವು. ಅವಳೊಬ್ಬಳೇ ಜಗಲಿಯಲ್ಲಿ ಕೂತು ಬೀಸಣಿಗೆಯಿಂದ ಓಡಿಸುತ್ತಿದ್ದಳು. ಎದೆಯಲ್ಲಿ ಭಯವಿತ್ತು, ಊರಿನದ್ದಲ್ಲ. ತನ್ನ ಬೆರಳು ಸುಳ್ಳು ಹೇಳಿದ್ದರೆ? ಬರೀ ಅಜೀರ್ಣವಾಗಿದ್ದರೆ? ಆಗ ಅಮ್ಮನೇ ಗೆದ್ದಳು.

ಮೂರು ಗಂಟೆಗೆ ಪಿಕಪ್ ವಾಪಸು ಬಂತು. ನೋಹೆಯಾಳ ಗಂಡ ಇಳಿದು ನೇರ ಜಗಲಿಗೆ ಬಂದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ವಿಮಾನದಲ್ಲಿ ಹೊನೊಲುಲುಗೆ ಒಯ್ದರು. ಜತೇಲಿ ಒಬ್ಬರಿಗೇ ಜಾಗ, ನೋಹೆಯಾ ಹೋದ್ಲು. ಡಾಕ್ಟರ್ ಅಂದ್ರು, ಸಂಜೆವರೆಗೆ ಬಿಟ್ಟಿದ್ರೆ ಅಪೆಂಡಿಕ್ಸ್ ಒಳಗೇ ಒಡೀತಿತ್ತಂತೆ. ಈಗ ಉಳೀತಾಳಂತೆ, ಆಂಟಿ."

ಲಹೇಲಾಳ ಕೈಯಿಂದ ಬೀಸಣಿಗೆ ಜಾರಿತು. ಉಳೀತಾಳೆ. ಒಂದು ಗಳಿಗೆ, ಒಂದೇ ಗಳಿಗೆ, ಅವಳಿಗೆ ಜಗತ್ತೆಲ್ಲ ತನ್ನದೆನಿಸಿತು.

"ನೋಡಿದ್ರಾ?" ಎಂದು ಅಂಗಳದಿಂದ ವಿಲಿಯಾಮನ ದನಿ ಏರಿತು. "ಕೈ ಇಟ್ಟಿದ್ದೇ ಗೊತ್ತಾಯ್ತು ಅವಳಿಗೆ. ಅದು ಯಾರ ಉಸಿರು? ನಮ್ಮಕ್ಕನದ್ದು. ಇವಳು ಬಾಯಿ ಮುಚ್ಕೊಂಡ್ರೇನು, ಮೂಗಿರ್ಲಿಲ್ವಾ? ಬೇಡ ಅಂದವಳ ಒಳಗೂ ಹೊಕ್ಕಿದೆ. ಅಂಥ ಹೆಂಗಸು ಕಪೆಕಾ. ಸತ್ತ ಮೇಲೂ ಒಂದು ಮಗೂನ ಉಳಿಸಿದ್ಲು."

ಜನ ಹೋ ಎಂದು ಅತ್ತರು. ಹೌನಾನಿ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡು, ತಾನೇ ಹೊಡೆದ ಕೆನ್ನೆಗೆ ಮುತ್ತಿಟ್ಟಳು. ಮಂಡಿನೋವಿನ ಮುದುಕಿ ಮತ್ತೆ ಸಾಲಿನಲ್ಲಿ ಮೊದಲು ನಿಂತಿದ್ದಳು.

"ನನ್ನ ಬೆರಳು ಅದು," ಎಂದಳು ಲಹೇಲಾ. "ಮೂವತ್ತೊಂದು ವರ್ಷದ್ದು."

ಯಾರಿಗೂ ಕೇಳಿಸಲಿಲ್ಲ. ವಿಲಿಯಾಮ ಮುಚ್ಚಳ ತರಲು ಹೇಳಿ, ಪೆಟ್ಟಿಗೆಯ ತಲೆಯ ಬಳಿ ನಿಂತು ಬೀಳ್ಕೊಡುವ ಹಾಡು ಎತ್ತಿಕೊಂಡ. ಲಹೇಲಾ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಬಿಸ್ಕತ್ತಿನ ಡಬ್ಬಿಯಿತ್ತು. ಅದರಿಂದ ಪಾಚಿಯ ಮಾಲೆ ತೆಗೆದಳು.

"ಬಿಡುಗಡೆ ಮಾಡ್ತಿದಾಳೆ," ಎಂದು ಯಾರೋ ಬಿಕ್ಕಿದರು. "ಅಮ್ಮನ್ನ ಬಿಟ್ಕೊಡ್ತಿದಾಳೆ ಪಾಪ."

ಲಹೇಲಾ ಅಮ್ಮನ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಮಾಲೆ ತೊಡಿಸಿದಳು. ಕಂದು ಬಣ್ಣಕ್ಕೆ ತಿರುಗಿದ್ದ ಪಾಚಿ ಮುಟ್ಟಿದಲ್ಲೆಲ್ಲ ಪುಡಿಯಾಗಿ ಬಿಳಿಯ ನಿಲುವಂಗಿಯ ಮೇಲೆ, ಗಲ್ಲದ ಮೇಲೆ, ಮುಚ್ಚಿದ ತುಟಿಗಳ ಮೇಲೆ ಉದುರಿತು. ಕೊರಳಲ್ಲಿ ಉಳಿದದ್ದು ಹೆಚ್ಚುಕಮ್ಮಿ ದಾರವೊಂದೇ.

ವಿಲಿಯಾಮ ಹಾಡುತ್ತಲೇ ಬಾಗಿ ನೋಡಿದ. ನೀಲಿ ನೈಲಾನ್ ದಾರ. ಬೆಸ್ತರ ಗಂಟು, ಎಡಕ್ಕೆ ಎರಡು ಸುತ್ತು, ಅವನ ಕೈಯದ್ದೇ, ಅಂದು ಅಲೆಗೆ ಹೋಗಬೇಕಾಗಿದ್ದದ್ದು. ಅವನ ಬಾಯಿ ಮುಂದಿನ ಸಾಲಿಗೆ ತೆರೆದದ್ದು ಹಾಗೇ ತೆರೆದುಕೊಂಡಿತ್ತು, ದನಿ ಬರಲಿಲ್ಲ. ಹಿಂದಿದ್ದವರು ಹಾಡುತ್ತಲೇ ಇದ್ದರು. ಲಹೇಲಾ ಮುಚ್ಚಳದ ತನ್ನ ಕಡೆಯ ತುದಿಯನ್ನು ಎತ್ತಿ ಹಿಡಿದು, ಇನ್ನೊಂದು ತುದಿಯನ್ನು ಅವನು ಹಿಡಿಯಲೆಂದು ಕಾಯುತ್ತ ನಿಂತಳು.