ಬದ್ಲಿ ಎರ್ರಣ್ಣ

ಅಪ್ಪ ಎರ್ರಣ್ಣನ ಚಟ್ಟದ ಮುಂದಿನ ಬಿದಿರಿಗೆ ಕೈ ಹಾಕಿದ್ದ ನೀಲಾವತಿಯನ್ನು, ದೇಶನೂರಿನಿಂದ ಬಂದಿದ್ದ ದೊಡ್ಡಪ್ಪ ಮೈಲಾರಪ್ಪ ತೋಳು ಹಿಡಿದು ಹಿಂದಕ್ಕೆ ಸರಿಸಿದ.

"ಹೆಣ್ಮಕ್ಕಳು ಹೆಗಲು ಕೊಡಂಗಿಲ್ಲವ್ವ. ಗಂಡಸರು ಅದೀವಿ."

"ನಮ್ಮಪ್ಪಗ ನಾನೊಬ್ಬಾಕಿನ, ದೊಡ್ಡಪ್ಪ."

"ಊರಾಗ ಮಂದಿ ನಗ್ತಾರ."

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಎರ್ರಣ್ಣನನ್ನು ಎತ್ತಿ ಕೂಡಿಸಿದ್ದು, ಎತ್ತಿ ಮಲಗಿಸಿದ್ದು ಅವಳ ಹೆಗಲೇ. ಆಗ ಊರಿಂದ ನಗಲಿಕ್ಕೂ ಒಬ್ಬರು ಬಂದಿರಲಿಲ್ಲ.

ನಾಲ್ವರು ಗಂಡಸರು ಹೊತ್ತರು. ಮುಂದೆ ಎಡಕ್ಕೆ ಸುಂಕಣ್ಣ, ಎರ್ರಣ್ಣನ ಜೊತೆ ಬೇಸ್‌ಬಾಲ್ ಆಡಿದವನು. ಕೌಲ್ ಬಜಾರಿನ ಅಂಗಡಿಗಳು ಅರ್ಧ ಬಾಗಿಲು ಎಳೆದುಕೊಂಡವು.

"ಯಾರ್ದು?" ಆಟೋದವನೊಬ್ಬ ಕೇಳಿದ.

"ಬದ್ಲಿ ಎರ್ರಣ್ಣಂದು," ಎಂದ ಪಕ್ಕದ ಚಹಾದಂಗಡಿಯವನು. "ಮಿಲ್ಲಿನಾಗ ಯಾರರ ಬರಲಿಲ್ಲಂದ್ರ ಅವರ ಬದ್ಲಿ, ಆಟದಾಗೂ ಬದ್ಲಿ. ಸಾಯಾಕರ ತಾನಾ ಹೋದ ನೋಡು."

*

ಬೇಸ್‌ಬಾಲ್ ಅಂದರೇನೆಂದು ಬಳ್ಳಾರಿಯ ಜನ ಕೇಳುತ್ತಿದ್ದ ಕಾಲ. ಎರ್ರಣ್ಣ ಇಡೀ ಆಟ ಬೆಂಚಿನ ಮೇಲೆ ಕೂತಿರುತ್ತಿದ್ದ. ತಂಡ ಸೋಲುವ ಹೊತ್ತಿಗೆ ಇನ್ನೊಬ್ಬನ ಬದಲಿಗೆ ಎದ್ದು ಹೋಗಿ, ಬ್ಯಾಟು ಬೀಸಿ, ಬಂದು ಮತ್ತೆ ಕೂರುತ್ತಿದ್ದ. ಹೆಚ್ಚಿನ ಸಲ ಅದು ಸುಂಕಣ್ಣನ ಬದಲಿಗೆ. ಸುಂಕಣ್ಣ ಚೆಂಡು ಎಸೆಯುವುದರಲ್ಲಿ ಹುಲಿ, ಹೊಡೆಯುವುದರಲ್ಲಿ ಇಲಿ.

ಕುರುಗೋಡಿನಲ್ಲಿ ಸುಂಕಣ್ಣನ ಬದಲಿಗೆ ಹೋದ ಎರ್ರಣ್ಣನ ಹೊಡೆತ ಬೇಲಿ ದಾಟಿತು. ಚೆಂಡೆಸೆಯಲು ಸುಂಕಣ್ಣ ಎಂದಿನಂತೆ ಮತ್ತೆ ಒಳಗೆ ಹೊರಟಾಗ ಅಂಪೈರ್ ತಡೆದ.

"ಬದ್ಲಿ ಕೊಟ್ಟು ಹೊರಗ ಬಂದೋನು ತಿರುಗಿ ಒಳಗ ಹೋಗಂಗಿಲ್ಲ."

ಸುಂಕಣ್ಣ ಟೋಪಿ ಬಿಸಾಡಿದ. ಎರ್ರಣ್ಣ ಅದನ್ನು ಎತ್ತಿ ತಂದು, ಧೂಳು ಕೊಡವಿ, ಅವನ ಪಕ್ಕದಲ್ಲಿ ಕೂತ.

"ನೀ ಎದ್ದು ಬಂದ್ರನ ನನಗ ಆಟ, ಲೇ."

*

ತಿರುವಿನಲ್ಲಿ ಹೆಗಲು ಬದಲಿಸಲು ನಿಂತರು. ಮೈಲಾರಪ್ಪನ ಮಗ ಮಾರೇಶ್ ಮುಂದೆ ಬಂದ. ಸುಂಕಣ್ಣ ಅವನಿಗೆ ಜಾಗ ಬಿಡದೆ, ಹೆಂಗಸರ ಗುಂಪಿನ ಮುಂದಿದ್ದ ನೀಲಾವತಿಯ ಕಡೆ ತಿರುಗಿದ.

"ಬಾರವ್ವ. ನನ್ನ ಬದ್ಲಿ ನೀನು."

ಅವಳು ಚಪ್ಪಲಿ ಬಿಟ್ಟು ಬಂದು ಹೆಗಲು ಒಡ್ಡಿದಳು. ಸುಂಕಣ್ಣ ಹೊರಗೆ ಸರಿದ.

"ಲೇ ಸುಂಕಣ್ಣ, ಬಂದು ಹಿಡಿ," ಮೈಲಾರಪ್ಪ ಗದರಿದ.

"ಹೊರಗ ಬಂದೀನಿ, ಮೈಲಾರಣ್ಣ. ತಿರುಗಿ ಒಳಗ ಹೋಗಂಗಿಲ್ಲ."

"ಯಾವನಂದ?"

"ಕುರುಗೋಡಿನ ಅಂಪೈರ್."

ಮಾರೇಶ್ ಅಪ್ಪನ ಮುಖ ನೋಡಿದ, ನೀಲಾವತಿಯ ಮುಖ ನೋಡಿದ. ಆಮೇಲೆ ಅವಳ ಹಿಂದೆ ಹೊತ್ತವನನ್ನು ಬಿಡಿಸಿ, ತಾನು ಹೆಗಲು ಕೊಟ್ಟ.

"ಹೊತ್ತಾಕ್ಕೈತಿ, ನಡೀರಿ," ಎಂದ.

ಚಟ್ಟದ ಒಂದು ಬದಿ ತುಸು ತಗ್ಗಿತು, ಮತ್ತೆ ಸಮವಾಯಿತು. ಸುಂಕಣ್ಣ ಅವಳ ಚಪ್ಪಲಿಗಳನ್ನು ಎತ್ತಿಕೊಂಡು, ಧೂಳು ಕೊಡವಿ, ಕೈಯಲ್ಲಿ ಹಿಡಿದು ಹಿಂದೆ ನಡೆದ.