ಹನ್ನೆರಡಕ್ಕೆ ನಿಲ್ಲಬೇಕಾದ ಮುಳ್ಳು

ಒತ್ತಡದ ಮಾಪಕದ ಮುಳ್ಳು ಹನ್ನೆರಡಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹದಿಮೂರು ದಾಟಿತು, ಹದಿನಾಲ್ಕು ದಾಟಿತು, ಹದಿನಾರಕ್ಕೆ ಹೋಗಿ ನಡುಗುತ್ತ ನಿಂತಿತು. ಬ್ರಯೊನಿ ಗಾಬರಿಯಿಂದ ಎಂಜಿನ್ನಿನ ವೇಗ ತಗ್ಗಿಸಿದಳು. ಆದರೆ ಒಮ್ಮೆಲೇ ಆರಿಸಲಿಲ್ಲ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಕಾದು ಕೆಂಪಾಗಿತ್ತು; ಅದನ್ನು ಎರಡು ನಿಮಿಷ ಮೆಲ್ಲಗೆ ಓಡಿಸಿ ತಣಿಸದಿದ್ದರೆ ಒಳಗಿನ ಎಣ್ಣೆ ಸೀದು ಕರಕಲಾಗುತ್ತದೆ. ಆ ಎರಡು ನಿಮಿಷ ಅವಳು ಎಂಜಿನ್ನಿನ ಪಕ್ಕದಲ್ಲೇ ನಿಂತಳು, ಹಟಮಾರಿ ಮಗುವನ್ನು ತಟ್ಟಿ ಮಲಗಿಸುವವಳ ಹಾಗೆ.

ನಿನ್ನೆ ಸಂಜೆ ಅವಳೇ ಹನ್ನೆರಡಕ್ಕೆ ಹೊಂದಿಸಿದ್ದಳು. ಹೆಚ್ಚಾದ ಒತ್ತಡವನ್ನು ಹೊರಬಿಡುವ ಕವಾಟದ ತಿರುಪು ಬಿಗಿದು, ನಟ್ಟಿನಿಂದ ತಿರುಪಿನವರೆಗೆ ಉಗುರುಬಣ್ಣದಲ್ಲಿ ಗುಲಾಬಿ ಗೆರೆ ಎಳೆದಿದ್ದಳು. ಯಾರಾದರೂ ತಿರುಗಿಸಿದರೆ ಗೆರೆ ಮುರಿಯಬೇಕು. ಬಗ್ಗಿ ನೋಡಿದಳು. ಗೆರೆ ಇತ್ತು, ಆದರೆ ದಪ್ಪಗಿತ್ತು. ಅವಳದು ಕೂದಲೆಳೆಯಂಥ ಗೆರೆ. ಪಕ್ಕದಲ್ಲಿ ಅದರ ಮುರುಕು ಇನ್ನೂ ಅಂಟಿಕೊಂಡಿತ್ತು.

ಫ್ರಾನ್ಸಿನಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಕಾರು ಓಟಕ್ಕೆ ಒಂಬತ್ತು ದಿನ ಉಳಿದಿತ್ತು. ಈ ವಸಂತದಲ್ಲಿ ಎರಡು ಎಂಜಿನ್ ಒಡೆದಿದ್ದವು. "ಮೂರನೇದೂ ಹೋದ್ರೆ ನೀನು ಫ್ರಾನ್ಸಿಗೆ ಬರೋದೇ ಬೇಡ" ಎಂದಿದ್ದ ಯಜಮಾನ ಮೇಸ್. ಕಟ್ಟಿದವಳು ಅವಳು, ಒಡೆದರೆ ಕೆಟ್ಟ ಹೆಸರೂ ಅವಳಿಗೇ.

ಅವಳ ಎಣಿಕೆಯಲ್ಲಿ, ಬಣ್ಣದ ಸೀಸೆ ಯಾವ ಡ್ರಾಯರಿನಲ್ಲಿದೆಯೆಂದು ತಿಳಿದಿದ್ದವನು ಲೆನ್ ಅಟ್ಟಿಂಗ್, ಅವಳಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಮುದುಕ. ಈಚೆಗೆ ಅವಳು ಒಳಗೆ ಬಂದರೆ ಅವನ ಮಾತು ನಿಲ್ಲುತ್ತಿತ್ತು. ಅವಳು ಎಂಜಿನ್ ಮುಟ್ಟಿದಾಗಲೆಲ್ಲ ಅವನ ಕಣ್ಣು ಅವಳ ಕೈಮೇಲೆ. ತಮ್ಮ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಗದ್ದೆದಾರಿಯಲ್ಲಿ ಹಿಂದೆಯೇ ಬರುವ ಕರಿನಾಯಿಯ ಕತೆಯನ್ನು ಅಜ್ಜಿ ಹೇಳುತ್ತಿದ್ದಳು: ಹೆಜ್ಜೆ ಸಪ್ಪಳ ಕೇಳುತ್ತದೆ, ತಿರುಗಿದರೆ ಯಾರೂ ಇಲ್ಲ. ಹದಿನೈದು ದಿನದಿಂದ ಈ ಶೆಡ್ಡಿನಲ್ಲಿ ಅವಳಿಗೆ ಹಾಗೇ ಆಗುತ್ತಿತ್ತು.

ಲೆನ್ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ.

"ನನ್ನ ಡ್ರಾಯರಿಗೆ ಕೈ ಹಾಕಿದ್ರಾ, ಲೆನ್?"

"ಹಾಕಿದ್ದೆ."

ಅವಳು ಈ ಉತ್ತರಕ್ಕೆ ಸಿದ್ಧಳಾಗಿರಲಿಲ್ಲ. "ಯಾಕೆ, ಉಗುರಿಗೆ ಹಚ್ಕೊಳ್ಳೋಕಾ?"

"ನನ್ನ ಉಗುರಿಗೆ ಏನ್ ಹಚ್ಚಿದ್ರೂ ಗ್ರೀಸೇ ಗೆಲ್ಲೋದು ಕಣಮ್ಮ. ಹೋದ ಮಂಗಳವಾರ ಒಂದ್ಸಲ, ಶುಕ್ರವಾರ ಒಂದ್ಸಲ, ತಿರುಪು ಏರಿಸಿದ್ದು ಕಂಡ್ತು. ಇಳಿಸ್ದೆ, ಗೆರೆ ಎಳ್ದೆ, ಸುಮ್ನಾದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಏರಿಸ್ದೋಳು ನೀನೇ ಅಂದ್ಕಂಡಿದ್ದೆ. ವಯಸ್ಸಿನ ಹುಡುಗಿ, ಜೋರು ತೋರ್ಸೋ ಆಸೆ."

"ನಾನಾ!"

"ಮತ್ತೆ ನೀನೀಗ ನನ್ನ ಕಳ್ಳನ ತರ ನೋಡ್ತಿಲ್ವಾ?"

"ಇವತ್ತು ಹದಿನಾರಕ್ಕೆ ಹೋಯ್ತು."

"ಇವತ್ತು ನಾನು ಮುಟ್ಟಿಲ್ಲ."

ನಂಬುವುದೋ ಬಿಡುವುದೋ ಅವಳಿಗೆ ತಿಳಿಯಲಿಲ್ಲ. ಸಿಕ್ಕಿಬಿದ್ದ ಮುದುಕನೂ ಇಂಥದೇ ಕತೆ ಕಟ್ಟಬಹುದು. ಅಷ್ಟರಲ್ಲಿ ಶೆಡ್ಡಿನ ಹೊರಗೆ, ಹಿಂದೆ ವಿಮಾನಗಳು ಇಳಿಯುತ್ತಿದ್ದ ಹಳೆಯ ರನ್‌ವೇ ಮೇಲೆ ಮೇಸ್‌ನ ಕಾರು ಬಂದು ನಿಂತಿತು. ಓಟದ ಖರ್ಚು ವಹಿಸಲಿದ್ದ ಇಬ್ಬರು ಹಿರಿಯರನ್ನು ಅವನು ಒಳಗೆ ಕರೆತಂದ.

"ಬನ್ನಿ ಬನ್ನಿ, ಇದೇ ನಮ್ಮ ಕುದುರೆ. ಮೊನ್ನೆತನಕ ಹನ್ನೆರಡು. ಇವತ್ತು ನೋಡಿ, ಹದಿನಾರು ಕೊಡುತ್ತೆ!"

ಎಂಜಿನ್ ಆರಿತ್ತು. ಮುಳ್ಳು ಸೊನ್ನೆಯಲ್ಲಿತ್ತು. ಹದಿನಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಲೆನ್ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ. ಇಬ್ಬರ ಕಣ್ಣೂ ಸಂಧಿಸಿದವು. ಬ್ರಯೊನಿ ಸ್ಪ್ಯಾನರ್ ಎತ್ತಿಕೊಂಡಳು.

"ಈಗ ಅದ್ಯಾಕೆ ಬ್ರಯೊನಿ?" ಮೇಸ್ ನಗುತ್ತಲೇ ಕೇಳಿದ.

"ಹನ್ನೆರಡಕ್ಕೆ ಇಳಿಸ್ತಿದ್ದೀನಿ, ಮಿಸ್ಟರ್ ಮೇಸ್. ಹದಿನಾರಕ್ಕೆ ಬಿಟ್ರೆ ಊಟದ ಹೊತ್ತಿಗೆ ಪಿಸ್ಟನ್ ತೂತಾಗುತ್ತೆ. ಒಡೆದ ಆ ಎರಡು ಎಂಜಿನ್ನಿಗೂ ಆಗಿದ್ದು ಅದೇ."

"ಫ್ರಾನ್ಸಿಗೆ ಬರೋ ಆಸೆ ಇದೆ ತಾನೆ ನಿಂಗೆ?"

ಅವಳ ಕೈ ಗಳಿಗೆ ಹೊತ್ತು ನಿಂತಿತು. ಫ್ರಾನ್ಸನ್ನು ಅವಳು ಎಷ್ಟು ಸಲ ಕನಸಿನಲ್ಲಿ ಕಂಡಿದ್ದಳೋ. ಆಮೇಲೆ ನಟ್ಟು ಸಡಿಲವಾಯಿತು. ಲೆನ್ ಎದ್ದು ಬಂದು ಅವಳ ಹೆಗಲ ಮೇಲಿಂದ ದೀಪ ಹಿಡಿದ.

ಬಂದವರಲ್ಲಿ ಬೋಳುತಲೆಯವರು ಹತ್ತಿರ ಬಂದು ಬಗ್ಗಿದರು. "ಹನ್ನೆರಡರಲ್ಲಿ ಎಷ್ಟು ಹೊತ್ತು ಓಡುತ್ತೆ, ಮಗು?"

"ನಾಳೆ ಇಷ್ಟೊತ್ತಿಗೂ ಓಡ್ತಿರುತ್ತೆ. ಬೇಕಾದ್ರೆ ಕೂತು ನೋಡಿ."

ಅವರು ಮೇಸ್‌ನ ಮುಖವನ್ನೊಮ್ಮೆ ನೋಡಿದರು. ನಿಧಾನವಾಗಿ ಕೋಟು ಕಳಚಿದರು. ಲೆನ್ ತನ್ನ ಸ್ಟೂಲನ್ನು ಒರೆಸಿ ಕೊಟ್ಟ; ಇನ್ನೊಬ್ಬರು ಟೈರುಗಳ ರಾಶಿಯ ಮೇಲೆ ಕೂತರು. ಎಂಜಿನ್ ಹೊತ್ತಿಕೊಂಡಿತು, ತಗಡಿನ ಗೋಡೆಗಳು ಗುಂಯ್‌ಗುಟ್ಟಿದವು. ಮೇಸ್ ಬಾಗಿಲಲ್ಲಿ ನಿಂತೇ ಇದ್ದ. ಅವನಿಗೆ ಕೂರಲು ಯಾರೂ ಜಾಗ ಹುಡುಕಲಿಲ್ಲ.