ಮಾರ್ನಿ ಕಡೆದ ಬೆಣ್ಣೆ

ನಮ್ಮ ಊರಲ್ಲಿ ಯಾವಾಗಲೂ ಸಾವಿರದ ಎಂಟುನೂರ ಅರವತ್ತೇಳನೇ ಇಸವಿ. ಬೆಳಿಗ್ಗೆ ಬೇಲಿಯಾಚೆ ಕಾರು ನಿಲ್ಲಿಸಿ, ನೆಲ ಗುಡಿಸುವಷ್ಟು ಉದ್ದದ ಲಂಗ ಉಟ್ಟು, ಗಲ್ಲದಡಿ ತುರಿಸುವ ಟೋಪಿ ಕಟ್ಟಿಕೊಂಡರೆ ನಾನು ಗಿಲ್‌ಕ್ರಿಸ್ಟ್ ಮನೆಯ ಯಜಮಾನಿ. ಸಂಜೆ ಅದನ್ನೆಲ್ಲ ಬಿಚ್ಚಿದರೆ ಮತ್ತೆ ಮೊಣಕಾಲು ನೋವಿನ ಐಲೀನ್. ಕಾಡು ಕಡಿದು ಒಂಟಾರಿಯೋದಲ್ಲಿ ಮನೆ ಕಟ್ಟಿದವರು ಹೇಗೆ ಬದುಕಿದರು ಎಂಬುದನ್ನು ಕೈಯಾರೆ ಮಾಡಿ ಕಲಿಯಲಿ ಎಂದು ಶಾಲೆಯವರು ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ನಮ್ಮ ಈ ಮ್ಯೂಸಿಯಂ ಊರಿಗೆ ಕಳಿಸುತ್ತಾರೆ. ಬಂದವರ ಗಡಿಯಾರ, ಫೋನುಗಳನ್ನು ಬಾಗಿಲಲ್ಲೇ ಬುಟ್ಟಿಗೆ ಹಾಕಿಸುತ್ತೇವೆ, ಟೀಚರದ್ದೂ ಬಿಡುವುದಿಲ್ಲ. ಆಮೇಲೆ ಹೊತ್ತು ತಿಳಿಸುವುದು ನಮ್ಮೂರ ಶಾಲೆಯ ಗಂಟೆಯೊಂದೇ. ಅದು ಹೊಡೆಯುವ ತನಕ ಯಾರೂ ಹೊರಡುವಂತಿಲ್ಲ. ಗಂಟೆಯ ಹಗ್ಗ ಹಳೇ ಕಾಲದ ಮೇಷ್ಟರ ವೇಷ ಹಾಕುವ ಡಂಕನ್ ಕೈಯಲ್ಲಿ.

ನನ್ನ ಪಾಲಿನದು ಬೆಣ್ಣೆ ತೆಗೆಯುವ ಕೆಲಸ. ನಾಲ್ಕು ಮರದ ಪೀಪಾಯಿ, ಒಂದೊಂದಕ್ಕೂ ಮುಚ್ಚಳದ ತೂತಿನಲ್ಲಿ ಮೇಲೆ ಕೆಳಗೆ ಕುಟ್ಟುವ ಕೋಲು. ಅದರಲ್ಲೊಂದು ಕಣ್ಕಟ್ಟಿದೆ. ಕೆಡಬಾರದೆಂಬ ನಿಯಮದ ಪ್ರಕಾರ ಕೆನೆ ಫ್ರಿಜ್ಜಿನಿಂದ ನೇರ ಪೀಪಾಯಿಗೆ ಬರಬೇಕು. ಅಷ್ಟು ತಣ್ಣಗಿರುವ ಕೆನೆ ಮಕ್ಕಳಿಗೆ ಕೊಟ್ಟ ಹೊತ್ತಿನಲ್ಲಿ ಬೆಣ್ಣೆಯಾಗುವ ಮಾತೇ ಇಲ್ಲ. ಅದಕ್ಕೇ ನಾನು ಮಕ್ಕಳನ್ನು ಮೊಟ್ಟೆ ತರಲು ಕೋಳಿಗೂಡಿಗೆ ಅಟ್ಟಿ, ಅಂಗಡಿ ಬೆಣ್ಣೆಯ ಕಾಗದ ಬಿಚ್ಚಿ ಪೀಪಾಯಿಗಳಿಗೆ ಹಾಕಿಬಿಡುತ್ತೇನೆ. ಮರಳಿ ಬಂದ ಮಕ್ಕಳು ನೋಡಿ ಕುಣಿಯುತ್ತಾರೆ, ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಇದರಲ್ಲಿ ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಆ ದಿನ ಮೂರನೇ ತರಗತಿಯ ಮಕ್ಕಳು ಬಂದಿದ್ದರು. ಅವರಲ್ಲಿ ಮಾರ್ನಿ ಎಂಬ ಸಣಕಲು ಹುಡುಗಿ. ಅವಳದು ಎಲ್ಲವೂ ನಿಧಾನ. ಬಂದಾಗಿನಿಂದ ನೋಡುತ್ತಿದ್ದೆ, ಅವಳ ಕೈಯಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಅವಳ ಏಪ್ರನ್ನಿನ ದಾರವನ್ನು ಟೀಚರ್ ಮಿಸ್ ಹ್ಯಾಲೋರನ್ ಕಿತ್ತುಕೊಂಡು ತಾವೇ ಕಟ್ಟಿದರು. ಕರಗಿದ ಮೇಣದಲ್ಲಿ ನೂಲು ಅದ್ದಿ ಮೇಣದ ಬತ್ತಿ ಮಾಡುವಲ್ಲಿ ಅವಳದನ್ನು ಪಕ್ಕದವಳು ಅದ್ದಿ ಮುಗಿಸಿದಳಂತೆ. ಪೀಪಾಯಿಯ ಕೋಲು ಅವಳಿಗೆ ಸಿಕ್ಕಿದ್ದು ಎಲ್ಲರಿಗಿಂತ ಕೊನೆಗೆ. ನಾಲ್ಕು ಸಲ ಕುಟ್ಟುವಷ್ಟರಲ್ಲಿ ಬ್ರಿನ್ ಎಂಬ ಚೂಟಿ ಹುಡುಗಿ ಅದನ್ನು ಎಳೆದುಕೊಂಡಳು.

"ಇತ್ಲಾಗ್ ಕೊಡೇ. ನಿನ್ ಕೈಲಿದ್ರೆ ಬೆಣ್ಣೆ ಬರೋದ್ರೊಳಗೆ ಕ್ರಿಸ್‌ಮಸ್ ಬಂದಿರುತ್ತೆ."

ಎಲ್ಲರೂ ನಕ್ಕರು. ಮಾರ್ನಿಯೂ ನಕ್ಕಳು.

ಮೊಟ್ಟೆ ತನ್ನಿ ಎಂದದ್ದೇ ತಡ, ಎಲ್ಲರೂ ಟೀಚರ್ ಹಿಂದೆ ಓಡಿದರು. ನಾನು ಏಪ್ರನ್ ಜೇಬಿನಿಂದ ಬೆಣ್ಣೆ ತೆಗೆದು ಮೂರು ಪೀಪಾಯಿಗೆ ಹಾಕಿ ತಿರುಗಿದರೆ, ನಾಲ್ಕನೆಯದರ ಕೋಲು ಹಿಡಿದುಕೊಂಡು ಮಾರ್ನಿ ನಿಂತಿದ್ದಾಳೆ. ಎಲ್ಲವನ್ನೂ ನೋಡಿದ್ದಾಳೆ.

"ನೀನ್ಯಾಕಮ್ಮ ಹೋಗ್ಲಿಲ್ಲ?" ಎಂದೆ.

"ನನ್ ಸರದಿ ಮುಗ್ದಿಲ್ಲ ಅಮ್ಮಾವ್ರೇ. ಇದಕ್ಕೆ ಹಾಕ್ಬೇಡಿ."

"ಅದು ಇವತ್ತಿಗೆ ಬೆಣ್ಣೆ ಆಗಲ್ಲ ಕಣೇ ಮಗು."

"ಬಿಡದೆ ಕಡೀತಾ ಇದ್ರೆ ಆಗುತ್ತಾ?"

ಅಂದಿನ ಗಿಲ್‌ಕ್ರಿಸ್ಟ್ ಮನೆಯಾಕೆ ಇದಕ್ಕೆ ಸುಳ್ಳು ಹೇಳುತ್ತಿರಲಿಲ್ಲ. ಆಗುತ್ತೆ ಎಂದೆ. ನಿಯಮ ಹಾಳಾಗಲಿ ಎಂದು ಒಲೆಯ ಮೇಲಿನ ಬಿಸಿನೀರನ್ನು ಬೋಗುಣಿಗೆ ಸುರಿದು, ತಣ್ಣೀರು ಬೆರೆಸಿ, ಕೆನೆ ಬೆಚ್ಚಗಾಗಲೆಂದು ಪೀಪಾಯಿಯನ್ನು ಅದರಲ್ಲಿ ಕೂರಿಸಿದೆ. ಅವಳು ಕುಟ್ಟತೊಡಗಿದಳು. ಒಂದೇ ಸಮ, ಆತುರವಿಲ್ಲದೆ. ನಿಜ ಹೇಳಬೇಕೆಂದರೆ ಬೆಣ್ಣೆ ಕಡೆಯುವುದು ಹಾಗೆಯೇ.

ಮೊಟ್ಟೆ ಹಿಡಿದು ಬಂದವರು ಮೂರು ಪೀಪಾಯಿ ತೆರೆದು ಕೂಗಾಡಿದರು, ಬ್ರೆಡ್ಡಿಗೆ ಮುಗಿಬಿದ್ದರು. ಮಿಸ್ ಹ್ಯಾಲೋರನ್ ಮಾರ್ನಿಯ ಬಳಿ ಬಂದು, "ಸಾಕಾಯ್ತು ಬಂಗಾರಿ, ಕೊಡಿಲ್ಲಿ, ನಾನ್ ಮುಗಿಸ್ತೀನಿ," ಎಂದು ಕೋಲಿಗೆ ಕೈ ಹಾಕಿದರು. ಅವರೇನೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಕಿತ್ತುಕೊಳ್ಳುವವರು.

"ನನ್ನ ಮನೇಲಿ ಶುರು ಮಾಡಿದವರೇ ಮುಗಿಸ್ಬೇಕು ಟೀಚರ್. ಕೈ ತೆಗೀರಿ," ಎಂದೆ. ದನಿ ಸ್ವಲ್ಪ ಜೋರಾಯಿತು.

ಅಷ್ಟರಲ್ಲಿ ಡಂಕನ್ ಬಾಗಿಲಲ್ಲಿ ತಲೆ ಹಾಕಿದ. "ಗಂಟೆ ಹೊಡೀಲಾ?"

"ಹಗ್ಗ ಕಿತ್ತೋಗಿದೆ."

"ಈಗ ತಾನೆ ನೋಡ್ದೆ, ಗಟ್ಟಿಯಾಗಿದೆ ಕಣೇ."

"ಕಿತ್ತೋಗಿದೆ ಅಂತ ಹೇಳ್ತಿದೀನಲ್ಲ ಡಂಕನ್."

ಅವನು ಮಾರ್ನಿಯನ್ನು ನೋಡಿದ. "ಹೌದಲ್ವಾ, ಹಾಳು ಹಗ್ಗ," ಎಂದು ಹೊಸ್ತಿಲ ಮೇಲೆ ಕೂತು ಪೈಪಿಗೆ ಹೊಗೆಸೊಪ್ಪು ತುಂಬತೊಡಗಿದ.

ಮಾರ್ನಿಯ ಹಣೆಯಲ್ಲಿ ಬೆವರು. ಕೋಲಿನ ಮೇಲೆ ಕೈ ಬದಲಿಸುತ್ತಾ ಕುಟ್ಟುತ್ತಲೇ ಇದ್ದಳು. ನನಗೂ ಭಯವಾಯಿತು. ಇಷ್ಟೆಲ್ಲ ಮಾಡಿಸಿ ಬೆಣ್ಣೆ ಬಾರದಿದ್ದರೆ ಈ ಮಗುವಿನ ಮುಖ ಹೇಗೆ ನೋಡಲಿ? ಆಗ ಸದ್ದು ಬದಲಾಯಿತು. ಚಳಕ್ ಪಳಕ್ ಎನ್ನುತ್ತಿದ್ದದ್ದು ದಪ್ ದಪ್ ಎನ್ನತೊಡಗಿತು. ಮುಚ್ಚಳ ತೆಗೆದರೆ ತಿಳಿ ಮಜ್ಜಿಗೆಯ ಮೇಲೆ ಹಳದಿ ಕಾಳುಗಳು ತೇಲುತ್ತಿದ್ದವು. ಮಾರ್ನಿ ಉಸಿರು ಬಿಡುವುದನ್ನೂ ಮರೆತು ನೋಡಿದಳು.

ಬ್ರಿನ್ ಬ್ರೆಡ್ಡು ಅಗಿಯುತ್ತಲೇ ಬಂದು ಇಣುಕಿದಳು. "ನಮ್ದೆಲ್ಲ ಆಗ್ಲೇ ಬಂತು. ನಿಂದ್ಯಾಕೆ ಇಷ್ಟೊತ್ತು?"

ಮಾರ್ನಿ ನನ್ನ ಏಪ್ರನ್ ಜೇಬು ನೋಡಿದಳು. ಅಂಗಡಿ ಕಾಗದದ ತುದಿ ಹೊರಗೆ ಕಾಣುತ್ತಿತ್ತು. ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಾನು ನಿಧಾನ ಅಲ್ವಾ, ಅದಕ್ಕೇ."

ನನ್ನ ಮಾನ ಉಳಿಸಲು ಆ ಮಗು ತನ್ನದನ್ನು ಕೊಟ್ಟುಬಿಟ್ಟಿತ್ತು. ನನಗೆ ತಡೆಯಲಾಗಲಿಲ್ಲ. ಜೇಬಿನ ಕಾಗದಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದೆ. ಗಿಲ್‌ಕ್ರಿಸ್ಟ್ ಮನೆಯ ಯಜಮಾನಿಯ ವೇಷ ಅಲ್ಲಿಗೆ ಮುಗಿಯಿತು.

"ನೀವ್ ತಿಂತಿರೋದು ಅಂಗಡೀದು ಮಕ್ಕಳೇ. ನಾನೇ ಕದ್ದುಮುಚ್ಚಿ ಹಾಕಿದ್ದು. ಕಡೆದು ತೆಗೆದ ಬೆಣ್ಣೆ ಈ ಮನೇಲಿ ಇರೋದು ಇದೊಂದೇ."

ಬ್ರಿನ್ ಅಗಿಯುವುದನ್ನು ನಿಲ್ಲಿಸಿ ಕಾಗದ ನೋಡಿದಳು, ಮಾರ್ನಿಯನ್ನು ನೋಡಿದಳು. ಕಚ್ಚಿದ ಬ್ರೆಡ್ಡನ್ನು ಕೆಳಗಿಟ್ಟು ಹೊಸ ಚೂರೊಂದನ್ನು ತಂದು ಚಾಚಿದಳು.

"ನಂಗೆ ಅದನ್ನ ಹಚ್ಚಿಕೊಡ್ತೀಯಾ?"

ಅವಳ ಹಿಂದೆ ಉಳಿದವರೂ ಸಾಲುಗಟ್ಟಿದರು. ಮಾರ್ನಿ ಚಾಕು ತೆಗೆದುಕೊಂಡಳು. ಮಿಸ್ ಹ್ಯಾಲೋರನ್ ಅಭ್ಯಾಸದಂತೆ ಕೈ ಮುಂದೆ ಮಾಡಿದವರು, ತಡೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹೊರಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ನಮ್ಮೂರಿಗೆ ಇನ್ನೂ ಬಸ್ಸು ಎಂಬುದೇ ಬಂದಿಲ್ಲ ಎಂದು ಡಂಕನ್ ಕೂತಲ್ಲಿಂದಲೇ ಕೂಗಿ ಹೇಳಿದ. ಮಾರ್ನಿ ಒಂದೊಂದೇ ಚೂರಿಗೆ ಅಂಚಿನ ತನಕ ಬೆಣ್ಣೆ ಹಚ್ಚುತ್ತಾ ಹೋದಳು. ಎಲ್ಲರೂ ಕಾದರು.